ನಾಲ್ಕು ಕುರಿಯ ಎಸೆನ್‌ಕುಲ್

ನಮ್ಮ ಕಣಿವೆಯಲ್ಲಿ ಎಸೆನ್‌ಕುಲ್ ಅಂದರೆ ಯಾವ ಎಸೆನ್‌ಕುಲ್ ಅಂತ ಕೇಳುತ್ತಾರೆ. ನಾಲ್ಕು ಕುರಿಯವನು ಅಂದುಬಿಟ್ಟರೆ ಸಾಕು, ಕೇಳಿದವರು ನಕ್ಕು, ಅಕ್-ತೆರೆಕ್ ಊರಿನಲ್ಲಿರುವ ಅವನ ಅಕ್ಕನ ಮನೆಯ ದಾರಿ ತೋರಿಸುತ್ತಾರೆ. ಅವನ ಹತ್ತಿರ ನಾಲ್ಕು ಕುರಿ ಇದ್ದವು ಅಂತಲ್ಲ. ಪಾಪ, ನಮ್ಮ ರಾಜಧಾನಿ ಬಿಷ್ಕೆಕ್‌ನಲ್ಲಿ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬಾಳಿದವನು ಕುರಿಯನ್ನೆಲ್ಲಿ ಕಟ್ಟಬೇಕು? ಆ ಹೆಸರು ಅಂಟಿದ್ದು ನದಿ ಮಂಡಳಿಯಿಂದ.

ನಮ್ಮ ಹೊಳೆ ನಮ್ಮ ಹಿಮದಲ್ಲಿ ಹುಟ್ಟಿ, ನಮ್ಮ ಊರುಗಳನ್ನು ದಾಟಿ, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಇರುವ ಎರಡು ಸಣ್ಣ ದೇಶಗಳ ಅಂಚು ಸವರಿಕೊಂಡು, ಕೊನೆಗೆ ಕೆಳಗಿನ ದೊಡ್ಡ ದೇಶದ ಬಯಲಿಗೆ ಇಳಿಯುತ್ತದೆ. ಹಳೆಯ ಒಕ್ಕೂಟ ಇದ್ದಾಗ ಮಾಸ್ಕೋದಿಂದ ಒಂದು ಫೋನು ಬಂದರೆ ತೂಬು ಏಳುತ್ತಿತ್ತು, ಇನ್ನೊಂದು ಫೋನು ಬಂದರೆ ಇಳಿಯುತ್ತಿತ್ತು. ಒಕ್ಕೂಟ ಮುರಿದು ಬಿದ್ದ ಮೇಲೆ ನಾಲ್ಕೂ ದೇಶದವರು ಕೂತು ಒಂದು ಮಂಡಳಿ ಮಾಡಿಕೊಂಡರು. ಇನ್ನು ಮೇಲೆ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ. ನಾಲ್ವರೂ ಹೂಂ ಅಂದರೆ ಮಾತ್ರ ಕೆಲಸ, ಒಬ್ಬರು ಉಹೂಂ ಅಂದರೂ ಇಲ್ಲ. ಕೇಳಲಿಕ್ಕೆ ಎಷ್ಟು ಚೆಂದ! ಎಸೆನ್‌ಕುಲ್ ಆಗ ತಾಷ್ಕೆಂಟಿನಲ್ಲಿ ನೀರಾವರಿ ಓದಿಕೊಂಡು ಬಂದಿದ್ದ ಹೊಸ ಎಂಜಿನಿಯರ್. ಮೊದಲ ದಿನ ನಾಲ್ಕು ಬಾವುಟಗಳನ್ನು ಒಂದೇ ಎತ್ತರಕ್ಕೆ ಕಟ್ಟಿದವನು ಅವನೇ, ಕಟ್ಟುವಾಗ ಕಣ್ಣಲ್ಲಿ ನೀರು ಬಂದಿತ್ತಂತೆ.

ಆ ಮೊದಲ ಸಭೆಯ ಊಟದಲ್ಲೇ ಎಡವಟ್ಟಾಯಿತು. ನಮ್ಮ ಕಡೆ ಕುರಿಯ ಸೊಂಟದ ಎಲುಬು ಎಲ್ಲರಿಗಿಂತ ಹಿರಿಯ ಅತಿಥಿಗೆ, ತಲೆ ಅವನ ನಂತರದವನಿಗೆ. ಕೆಳಗಿನವರಲ್ಲಿ ಹಾಗಲ್ಲ, ತಲೆಯೇ ಮೊದಲು. ಎಸೆನ್‌ಕುಲ್ ಭಯಭಕ್ತಿಯಿಂದ ಕೆಳಗಿನ ದೇಶದ ಹಿರಿಯನ ಮುಂದೆ ಸೊಂಟದ ಎಲುಬಿಟ್ಟ, ಪಕ್ಕದ ದೇಶದವನ ಮುಂದೆ ತಲೆ ಇಟ್ಟ. ಹಿರಿಯನ ಮುಖ ಕಪ್ಪಿಟ್ಟಿತು. ಊಟ ಮುಟ್ಟದೆ ಎದ್ದು ಹೋದ. ಆ ವರ್ಷದ ನೀರಿನ ಹಂಚಿಕೆಗೆ ಸಹಿಯೇ ಬೀಳಲಿಲ್ಲ. ಮುಂದಿನ ಸಲ ಎಸೆನ್‌ಕುಲ್ ಬುದ್ಧಿ ಓಡಿಸಿದ: ನಾಲ್ಕು ದೇಶಕ್ಕೆ ನಾಲ್ಕು ಕುರಿ. ಎಲ್ಲರ ಮುಂದೂ ಒಂದೊಂದು ತಲೆ, ಒಂದೊಂದು ಸೊಂಟ. ಅರ್ಧಕ್ಕರ್ಧ ಹಾಗೇ ತಣ್ಣಗಾಗಿ ಉಳಿಯುತ್ತಿತ್ತು, ಆದರೆ ಯಾರ ಮುಖವೂ ಕಪ್ಪಾಗುತ್ತಿರಲಿಲ್ಲ. ಅದೇ ಪದ್ಧತಿಯಾಯಿತು, ಅವನಿಗೆ ಅದೇ ಹೆಸರಾಯಿತು. ತೂಬಿನ ತುಕ್ಕು ಕೆರೆಯಲಾರದ ಮಂಡಳಿ ಕುರಿ ಮಾತ್ರ ತಪ್ಪದೆ ಕೊಯ್ಯುತ್ತದೆ ಅಂತ ಜನ ಆಡಿಕೊಂಡರು. ಆಡಿಕೊಳ್ಳದೆ ಇನ್ನೇನು ಮಾಡುತ್ತಾರೆ?

ಮಾಂಸ ಹಂಚುವ ಕೈ ಅವನ ಮನೆತನದ್ದೇ. ಅವನಪ್ಪ ಅಕ್-ತೆರೆಕ್‌ನಲ್ಲಿ ಹಂಚುವವನಾಗಿದ್ದ. ಮದುವೆಯಿರಲಿ, ಸಾವಿರಲಿ, ಚಾಕು ಅವನ ಕೈಗೇ ಬರುತ್ತಿತ್ತು. ಅವನು ಮೊದಲು ಒಲೆಯ ಹತ್ತಿರದ ಹೆಂಗಸರಿಗೆ, ಎದ್ದು ಬರಲಾಗದ ಮುದುಕರಿಗೆ ಅಂತ ಒಂದು ಬೋಗುಣಿ ಪಕ್ಕಕ್ಕೆ ತೆಗೆದಿಡುತ್ತಿದ್ದ. ಆಮೇಲೆ ಅತಿಥಿಗಳಿಗೆ. ಎಲ್ಲ ಮುಗಿದ ಮೇಲೆ ತನಗೆ ಕುತ್ತಿಗೆಯ ಒಂದು ತುಂಡು. ಹುಡುಗನಿಗೆ ಅದು ಅವಮಾನ ಅನ್ನಿಸಿ, "ಎಲ್ಲರಿಗೂ ಕೊಡೋನು ನೀನು, ನಿಂಗ್ಯಾಕಪ್ಪಾ ಕುತ್ತಿಗೆ?" ಅಂತ ಕೇಳಿದ್ದಕ್ಕೆ ಅಪ್ಪ, "ನಾನು ಸೊಂಟ ಇಟ್ಕೊಂಡ್ರೆ ಮುಂದಿನ ಸಲ ನನ್ನ ಕೈಗೆ ಯಾರು ಚಾಕು ಕೊಡ್ತಾರೋ?" ಅಂದು ಬೆರಳು ನೆಕ್ಕಿಕೊಂಡಿದ್ದ.

ಅಮ್ಮ ಬೇಗ ತೀರಿಕೊಂಡಿದ್ದರಿಂದ ಎಸೆನ್‌ಕುಲ್‌ನನ್ನು ಸಾಕಿದ್ದು ಅಕ್ಕ ಅನಾರ್‌ಕಾನ್. ತನ್ನ ಓದು ಬಿಟ್ಟು ಅವನನ್ನು ಓದಿಸಿದಳು. ಅವನು ತಾಷ್ಕೆಂಟಿಗೆ ಹೊರಟಾಗ ಬಸ್ಸಿನ ಕಿಟಕಿಯಲ್ಲಿ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕಿನ ಗಂಟು ತುರುಕಿ, "ನೀರಿನ ಶಾಸ್ತ್ರ ಓದ್ತೀಯಂತೆ, ನಮ್ಮ ಕಾಲುವೆಗೆ ನೀರು ತಗೊಂಡು ಬಾ" ಅಂದಿದ್ದಳು. ಅವಳು ಅಂದದ್ದು ತಮಾಷೆಗೆ. ಅವನು ಅದನ್ನು ಆಣೆಯ ಹಾಗೆ ಇಟ್ಟುಕೊಂಡ.

ಆ ಕಾಲುವೆಯ ಕಥೆ ಕೇಳಿ. ಅಕ್-ತೆರೆಕ್‌ಗೆ ನೀರು ಬರುವುದು ದೊಡ್ಡ ನಾಲೆಯ ಒಂದು ತೂಬಿನಿಂದ. ತೂಬು ಇರುವುದು ನಮ್ಮ ನೆಲದಲ್ಲೇ, ಆದರೆ ನಾಲ್ಕೂ ದೇಶದ ಆಸ್ತಿ. ಅದರ ಕಬ್ಬಿಣದ ಬಾಗಿಲು ಎಷ್ಟೋ ವರ್ಷಗಳಿಂದ ಗೇಣುದ್ದಕ್ಕಿಂತ ಮೇಲೆ ಏಳದು. ರಿಪೇರಿಗೆ ನಾಲ್ಕು ಸಹಿ ಬೇಕು. ಒಂದು ವರ್ಷ ಪೂರ್ವದವರು, ಮೊದಲು ನಮ್ಮ ಸೇತುವೆ ಆಗಲಿ ಅಂದರು. ಇನ್ನೊಂದು ವರ್ಷ ಪಶ್ಚಿಮದವರು, ನಮಗೇನು ಲಾಭ ಅಂದರು. ಕೆಳಗಿನವರು, ತೂಬು ಅಗಲವಾದರೆ ನಮ್ಮ ಪಾಲು ಕಡಿಮೆಯಾಗುತ್ತದೆ ಅಂದರು. ಮೂವರೂ ಒಪ್ಪಿದ ಒಂದೇ ಒಂದು ವರ್ಷ, ನಂಬಿ, ನಮ್ಮವರೇ ಇನ್ಯಾವುದೋ ಸಿಟ್ಟಿಗೆ ಅಡ್ಡ ಹಾಕಿದರು! ಅವತ್ತು ಎಸೆನ್‌ಕುಲ್ ಕಾರಿಡಾರಿನಲ್ಲಿ ನಿಂತು ಗೋಡೆಗೆ ತಲೆ ಒರಗಿಸಿಕೊಂಡಿದ್ದನ್ನು ಕಂಡವರಿದ್ದಾರೆ. ಆಮೇಲಾಮೇಲೆ ಅದೂ ಬಿಟ್ಟುಹೋಯಿತು. ಸಭೆಗೆ ಹೋಗುವುದು, ಕುರಿ ಲೆಕ್ಕ ಹಾಕುವುದು, ಬರಿಗೈಯಲ್ಲಿ ಬರುವುದು. ಕೂದಲು ಹಾಗೇ ಬೆಳ್ಳಗಾಯಿತು.

ಪ್ರತಿ ಸಲವೂ ಸಭೆ ಮುಗಿಸಿ ಅಕ್ಕನ ಮನೆಗೆ ಬರುತ್ತಿದ್ದ. ಅನಾರ್‌ಕಾನ್‌ಗೆ ಗಂಡ ಇಲ್ಲ, ಮಕ್ಕಳು ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದಾರೆ. ಇಡೀ ಊರಿನ ಹಾಗೆ ಅವಳದ್ದೂ ಬಿಳಿ ಬೀನ್ಸ್ ಕಾಳಿನ ಬೆಳೆ.

"ಬಂದ್ಯಾ, ಮಂಡಳಿ ಸಾಹೇಬ? ಜೇಬಲ್ಲಿ ತೂಬು ತಂದ್ಯಾ?" ಅನ್ನುತ್ತಿದ್ದಳು.

"ಮುಂದಿನ ವರ್ಷ, ಎಜೆ." ನಮ್ಮಲ್ಲಿ ಅಕ್ಕನನ್ನು ಕರೆಯುವುದು ಹಾಗೆ.

"ಮುಂದಿನ ವರ್ಷ ಅನ್ನೋದು ನಿಮ್ಮ ಮಂಡಳಿಯ ಐದನೇ ದೇಶ ಏನೋ? ಎಲ್ಲಾ ಅದೇ ನಡೆಸ್ತಿರೋ ಹಾಗಿದೆ."

ಬೈಯುತ್ತಲೇ ಚಹಾ ಸುರಿಯುತ್ತಿದ್ದಳು. ಬಟ್ಟಲಿನ ತಳ ಮುಚ್ಚುವಷ್ಟು, ಎರಡು ಗುಟುಕು. ಮುಗಿದ ಕೂಡಲೇ ಬಟ್ಟಲು ಇಸಿದುಕೊಂಡು ಮತ್ತೆ ಅಷ್ಟೇ. ನಮ್ಮಲ್ಲಿ ಕಡಿಮೆ ಸುರಿದಷ್ಟೂ ಅಕ್ಕರೆ ಜಾಸ್ತಿ. ಇನ್ನೂ ಕೂತಿರು, ಬಟ್ಟಲು ನನ್ನ ಕೈಗೆ ಬರುತ್ತಿರಲಿ ಅಂತ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಅಂತ. ಒಮ್ಮೆ ತೂಕದಲ್ಲಿ ಮೋಸ ಮಾಡಿದ ಕಾಳಿನ ದಲ್ಲಾಳಿಗೆ ಅನಾರ್‌ಕಾನ್ ಹಾಗೆ ತುಂಬಿಸಿ ಕೊಟ್ಟಿದ್ದಳು. ಅವನು ಬಾಯಿ ಸುಟ್ಟುಕೊಂಡು ಓಡಿದ್ದನ್ನು ಊರೆಲ್ಲ ಈಗಲೂ ಹೇಳಿಕೊಂಡು ನಗುತ್ತದೆ. ತಮ್ಮನಿಗೆ ಮಾತ್ರ ಯಾವಾಗಲೂ ಎರಡು ಗುಟುಕೇ.

ಎಸೆನ್‌ಕುಲ್‌ನ ನಿವೃತ್ತಿಗೆ ಇನ್ನೊಂದೇ ಸಭೆ ಉಳಿದಿದ್ದಾಗ ಕೆಳಗಿನ ದೇಶ ಒಂದು ಮಾತು ಎತ್ತಿತು. ಈ ಮಂಡಳಿ ಸತ್ತಿದೆ, ಇದನ್ನು ಸರಿ ಮಾಡೋಣ, ಮುಂದೆ ನಿಂತು ನಾವೇ ಮಾಡುತ್ತೇವೆ. ತೂಬುಗಳೆಲ್ಲ ನಮ್ಮ ಖರ್ಚಿನಲ್ಲಿ ರಿಪೇರಿ, ಇದೇ ಬೇಸಿಗೆಯೊಳಗೆ. ಬದಲಿಗೆ ನಾಲ್ಕೇ ಮಾತು: ಕಚೇರಿ ನಮ್ಮ ರಾಜಧಾನಿಯಲ್ಲಿ, ಅಧ್ಯಕ್ಷ ಯಾವಾಗಲೂ ನಮ್ಮವನು, ನಾಲ್ಕು ಸಹಿಯ ಕಟ್ಟಳೆ ರದ್ದು, ನೀರು ಸಾಲದ ವರ್ಷ ಯಾವ ತೂಬು ಎಷ್ಟು ಅಂತ ಕಚೇರಿ ಹೇಳಿದ್ದೇ ಕೊನೆ. ಪೂರ್ವದವರೂ ಪಶ್ಚಿಮದವರೂ ಒಪ್ಪಿದರು. ಉಳಿದದ್ದು ನಾವು. ಉಪಮಂತ್ರಿ ಎಸೆನ್‌ಕುಲ್‌ಗೆ ಫೋನು ಮಾಡಿ, "ಬಾಯ್ಕೆ, ನಿಮಗಿಂತ ತಿಳಿದವರು ಯಾರಿದ್ದಾರೆ? ನೀವು ಹೂಂ ಅಂದ್ರೆ ಹೂಂ, ಉಹೂಂ ಅಂದ್ರೆ ಉಹೂಂ" ಅಂದ. ಬಾಯ್ಕೆಯಂತೆ, ಅಣ್ಣನಂತೆ! ನಾಳೆ ಬೈಗುಳ ಬಂದರೆ ಅಣ್ಣನ ತಲೆಗೆ ಕಟ್ಟುವ ಉಪಾಯ ಅದು. ಎಸೆನ್‌ಕುಲ್‌ಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಜಗಳ ಆಡುವಷ್ಟು ಉಸಿರು ಉಳಿದಿರಲಿಲ್ಲ.

ಸಭೆ ಈ ಸಲ ನಮ್ಮ ಸರದಿ. ಸರ್ಕಾರಿ ವಿಶ್ರಾಂತಿಗೃಹದ ಮಾಡು ಸೋರುತ್ತಿದ್ದದ್ದರಿಂದ ಮಾತುಕತೆ ಅಕ್-ತೆರೆಕ್‌ನ ಶಾಲೆಯಲ್ಲಿ, ಹಿಂದಿನ ದಿನದ ಊಟ ಅನಾರ್‌ಕಾನ್‌ಳ ಅಂಗಳದ ಜರದಾಳು ಮರದ ಕೆಳಗೆ ಅಂತ ಆಯಿತು. ಮೇಲಿನವರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: ಸುಧಾರಣೆಯ ಕಾಲ ಇದು, ದುಂದು ಬೇಡ, ಕುರಿ ಒಂದೇ.

ಕೆಳಗಿನ ದೇಶದ ತಂಡದ ಮುಖಂಡನಾಗಿ ಬಂದವನು ಕೆಂಜೆಬೆಕ್. ತಾಷ್ಕೆಂಟಿನಲ್ಲಿ ಎಸೆನ್‌ಕುಲ್‌ನ ಜೊತೆ ಒಂದೇ ಕೋಣೆಯಲ್ಲಿ ಇದ್ದವನು, ಒಂದೇ ವಯಸ್ಸಿನವನು. ಅಂಥವರನ್ನು ನಾವು ಕುರ್ದಾಶ್ ಅನ್ನುತ್ತೇವೆ. ಕುರ್ದಾಶ್ ಏನಂದರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ದೊಡ್ಡ ಹೊಟ್ಟೆ, ದೊಡ್ಡ ನಗು, ಒಳ್ಳೆಯ ಮನುಷ್ಯ. ಕಾರಿನಿಂದ ಇಳಿಯುತ್ತಲೇ ಅಂಗಳ ನೋಡಿದ.

"ಏನೋ ನಾಲ್ಕು ಕುರಿ, ಇನ್ನು ಮೂರು ಎಲ್ಲಿ ಓಡಿಹೋದ್ವು?"

"ನಿಮ್ಮ ಕಡೆ ಹುಲ್ಲು ಚೆನ್ನಾಗಿದೆಯಂತೆ. ಗಡಿ ದಾಟಿಬಿಟ್ವು."

"ಬಂದಿದ್ರೆ ವಾಪಸ್ ಕೊಡಲ್ಲಪ್ಪಾ, ಮೊದ್ಲೇ ಹೇಳಿರ್ತೀನಿ."

"ಇಟ್ಕೋ. ಇಷ್ಟು ವರ್ಷ ನೀರು ಇಟ್ಕೊಂಡಿಲ್ವಾ?"

ಇಬ್ಬರೂ ತಬ್ಬಿಕೊಂಡು ನಕ್ಕರು. ಊಟಕ್ಕೆ ಇನ್ನೂ ಹೊತ್ತಿತ್ತು, ಮಾತಾಡುತ್ತ ತೂಬಿನ ತನಕ ನಡೆದರು. ದೊಡ್ಡ ನಾಲೆ ತುಂಬಿ ಹರಿಯುತ್ತಿತ್ತು. ತುಕ್ಕು ಹಿಡಿದ ಬಾಗಿಲಿನ ಕೆಳಗಿನಿಂದ ಅಕ್-ತೆರೆಕ್‌ಗೆ ಒಂದು ಎಳೆ ನೀರು ನುಸುಳುತ್ತಿತ್ತು. ಕೆಂಜೆಬೆಕ್ ಬಗ್ಗಿ ಆ ಬಾಗಿಲನ್ನು ತಟ್ಟಿದ.

"ನಿಜ ಹೇಳು, ನಾಲ್ವರೂ ಸಮ ಅಂತ ಕೂತ್ಕೊಂಡು ಇಷ್ಟು ವರ್ಷದಲ್ಲಿ ಏನು ಕಿಸಿದ್ವಿ ನಾವು?"

"ಏನೂ ಇಲ್ಲ."

"ಮತ್ತೆ? ಯಾರೋ ಒಬ್ಬರು ಮುಂದೆ ನಿಲ್ಲಬೇಕು ಕಣೋ. ಕೈಲಾಗೋನು ನಿಲ್ಲಬೇಕು. ನಮ್ಮ ಕೈಲಾಗುತ್ತೆ. ನಾನು ನಿಮ್ಮನ್ನ ನುಂಗೋಕೆ ಬಂದಿದ್ದೀನಾ?"

"ನೀನು ಬಂದಿಲ್ಲ. ನೀನೂ ಬರೋ ವರ್ಷ ಮನೇಲಿರ್ತೀಯ. ನಿನ್ನ ಕುರ್ಚೀಲಿ ಯಾರು ಕೂರ್ತಾನೆ?"

ಕೆಂಜೆಬೆಕ್ ಹೊಲದ ಕಡೆ ಕೈ ತೋರಿಸಿ, "ನಿನ್ನ ಅಕ್ಕನ ಹೊಲ ನೋಡು. ಅದಕ್ಕೆ ಬೇಕಾಗಿರೋದು ನೀರು, ನಿನ್ನ ಅನುಮಾನ ಅಲ್ಲ" ಅಂದ. ಎಸೆನ್‌ಕುಲ್ ನೋಡಿದ. ಆಗಷ್ಟೇ ಮೊಳೆತ ಸಾಲುಗಳು, ಎರಡು ಬೆರಳಗಲದ ಎಲೆ. ಸಹಿ ಹಾಕಿಬಿಡೋಣ, ಮನೆಗೆ ಹೋಗಿ ಮಲಗಿಬಿಡೋಣ ಅಂತ ಅವನ ಮೈಯೆಲ್ಲ ಹೇಳುತ್ತಿತ್ತು.

ಊಟಕ್ಕೆ ಕೂತರು. ಕೈ ತೊಳೆದದ್ದಾಯಿತು, ಅಗಲವಾದ ತಟ್ಟೆಯಲ್ಲಿ ಇಡೀ ಕುರಿ ಬೆಂದು ಬಂತು, ಚಾಕು ಎಸೆನ್‌ಕುಲ್‌ನ ಕೈಯಲ್ಲಿ. ತಲೆ ಒಂದೇ. ಪೂರ್ವದವನು ಮರದ ಕಡೆ ನೋಡಿದ, ಪಶ್ಚಿಮದವನು ತನ್ನ ಉಗುರು ನೋಡಿಕೊಂಡ. ಇಬ್ಬರೂ ನೋಡದ ಹಾಗೆ ನೋಡುತ್ತಿದ್ದದ್ದು ತಲೆಯನ್ನೇ. ಕೆಂಜೆಬೆಕ್‌ಗೆ ತಲೆ ಕೊಟ್ಟರೆ ನಾಳೆಯ ಸಹಿ ಇವತ್ತೇ ಹಾಕಿದ ಹಾಗೆ. ಕೊಡದಿದ್ದರೆ ಆ ಮೊದಲ ವರ್ಷದ ಕಥೆಯೇ. ಎಸೆನ್‌ಕುಲ್ ಚಾಕು ಹಿಡಿದು ಕೂತೇ ಕೂತ. ತಟ್ಟೆಯ ಅಂಚಿನಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟತೊಡಗಿತು.

"ಅಯ್ಯೋ, ಕೊಡೋ ಇಲ್ಲಿ! ಹೊಟ್ಟೆ ಚುರುಗುಟ್ತಿದೆ" ಅಂದ ಕೆಂಜೆಬೆಕ್, ಕೈ ಚಾಚಿ.

ಅತಿಥಿಯ ಕೈಗೆ ಮನೆಯ ಚಾಕು ಕೊಡುವುದು ನಮ್ಮಲ್ಲಿಲ್ಲ. ಎಸೆನ್‌ಕುಲ್ ಕೊಟ್ಟ. ಕೊಟ್ಟಾಗ ಅವನಿಗೆ ಆದದ್ದು ನಾಚಿಕೆಯಲ್ಲ, ಹೆಗಲ ಮೂಟೆ ಇಳಿಸಿದ ಸುಖ. ಮತ್ತೆ ಕೆಂಜೆಬೆಕ್ ಎಷ್ಟು ಚೆನ್ನಾಗಿ ಹಂಚಿದ ಅಂತೀರಿ! ತಲೆಯನ್ನು ಸೀಳಿ ಅರ್ಧ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ. ತೊಡೆ ಇವರಿಗೆ, ಪಕ್ಕೆ ಅವರಿಗೆ, ಡ್ರೈವರುಗಳಿಗೂ ಮರೆಯದೆ ಮುಂಗಾಲು. ಒಂದೊಂದು ತುಂಡಿಗೂ ಒಂದೊಂದು ನಗೆಮಾತು. ಬಿಸಿ ಆರುವ ಮೊದಲೇ ಎಲ್ಲರ ಬಾಯೂ ಆಡತೊಡಗಿತು. ಕೊನೆಗೆ ಸೊಂಟದ ಎಲುಬು ಉಳಿಯಿತು. ಅದನ್ನು ಅವನೇನೂ ಎತ್ತಿಕೊಳ್ಳಲಿಲ್ಲ. "ಇಷ್ಟು ಕಷ್ಟಪಟ್ಟಿದ್ದೀರಿ, ನೀವೇ ತಗೊಳ್ಳಿ, ತಗೊಳ್ಳಿ" ಅಂತ ಎಲ್ಲರೂ ಸೇರಿ ಅವನ ಮುಂದೆ ಸರಿಸಿದರು. ಸರಿಸಿದ ಕೈಗಳಲ್ಲಿ ಎಸೆನ್‌ಕುಲ್‌ನದೂ ಒಂದು.

ಊಟವಾದ ಮೇಲೆ ತಟ್ಟೆ ಎತ್ತಿಕೊಂಡು ಎಸೆನ್‌ಕುಲ್ ತಾನೇ ಒಲೆಮನೆಗೆ ಹೋದ. ಅನಾರ್‌ಕಾನ್ ಮತ್ತು ಬೆಳಗಿನಿಂದ ಅವಳ ಜೊತೆ ದುಡಿದ ಇಬ್ಬರು ನೆರೆಮನೆ ಹೆಂಗಸರು ಬಟ್ಟಲಿನ ಸಾರಿಗೆ ರೊಟ್ಟಿ ಮುರಿದು ಅದ್ದಿಕೊಂಡು ತಿನ್ನುತ್ತಿದ್ದರು. ದೊಡ್ಡ ಕಡಾಯಿ ಬರಿದಾಗಿತ್ತು. ಅಪ್ಪ ಪಕ್ಕಕ್ಕೆ ತೆಗೆದಿಡುತ್ತಿದ್ದ ಬೋಗುಣಿ ಗೂಡಿನಲ್ಲಿ ಬೋರಲಾಗಿತ್ತು.

"ಎಜೆ, ನಿಮಗೆ ಮಾಂಸ?"

"ಸಾರಿದೆಯಲ್ಲಾ. ಒಳ್ಳೆ ರುಚಿಯಾಗಿದೆ."

"ಅವನು ಹೊರಗಿನವನು, ಒಳಗೆ ಯಾರಿದ್ದಾರೆ ಅಂತ ಅವನಿಗೇನು ಗೊತ್ತು…"

"ಅವನಿಗೆ ಗೊತ್ತಿಲ್ಲ. ಪಕ್ಕದಲ್ಲೇ ಕೂತಿದ್ದೆಯಲ್ಲಾ, ನಿಂಗೂ ಗೊತ್ತಿರ್ಲಿಲ್ವಾ?" ಅವಳು ನಗುತ್ತಲೇ ಕೇಳಿದಳು. ನೆರೆಯವರೂ ನಕ್ಕರು. ಎಸೆನ್‌ಕುಲ್‌ಗೆ ನೆಲ ಬಿರಿಯಬಾರದೇ ಅನ್ನಿಸಿತು.

ನೆರೆಯವರು ಹೋದ ಮೇಲೆ ಅವಳು ಬಟ್ಟಲಿಗೆ ಎರಡು ಗುಟುಕು ಚಹಾ ಸುರಿದು ಕೊಟ್ಟಳು. ಅವನು ನಾಳೆಯ ವಿಷಯ ಎಲ್ಲ ಹೇಳಿದ. ತೂಬು ಈ ಬೇಸಿಗೆಯೇ ಆಗುತ್ತದೆ, ಆದರೆ ನೀರು ಸಾಲದ ವರ್ಷ ಅದನ್ನು ಮುಚ್ಚುವ ಕೈ ದೂರದಲ್ಲಿರುತ್ತದೆ, ಆಗ ನಾವು ಬೇಡ ಅಂದರೂ ನಡೆಯುವುದಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಈಗ ಬೇಡ ಅಂದ್ರೆ ನಡೆಯುತ್ತಾ?"

"ನಡೆಯುತ್ತೆ. ಬೇಡ ಅನ್ನೋದೊಂದೇ ನಡೆಯೋದು."

"ಹಾಗಾದ್ರೆ ಸೈನ್ ಹಾಕು."

"ಇವತ್ತಿನ ಊಟ ನೋಡಿದೆಯಲ್ಲ, ಎಜೆ. ಕೂತೋರಿಗೆಲ್ಲ ಸಿಕ್ತು, ಒಳಗಿದ್ದೋರಿಗೆ ಇಲ್ಲ. ನೀರಿಗೂ ಹಾಗೇ ಆಗುತ್ತೆ."

"ಆಗ್ಲಿ. ಒಂದು ವರ್ಷ ಬಂದು ಇನ್ನೊಂದು ವರ್ಷ ನಿಲ್ಲಲಿ. ನನ್ನ ಮಂಡಿ ನೋಡು, ಕೊಡ ಹೊತ್ತು ಹೊತ್ತು ಹೇಗಾಗಿದೆ. ನಾನು ಸಾರು ಕುಡ್ಕೊಂಡು ಬದುಕ್ತೀನಿ ಕಣೋ, ನೀರಿಲ್ದೆ ಬದುಕಲ್ಲ. ಸೈನ್ ಹಾಕು."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಹೂಂ ಅಂದುಕೊಂಡಳು.

ಮರುದಿನ ಶಾಲೆಯ ಕೋಣೆಯಲ್ಲಿ, ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ನಾಲ್ಕು ದೇಶ ಮಂಡಿ ಮಡಚಿಕೊಂಡು ಕೂತಿತು. ಮೂರು ಸಹಿ ಬಿದ್ದವು. ಕಾಗದ ಎಸೆನ್‌ಕುಲ್‌ನ ಮುಂದೆ ಬಂತು. ಅವನು ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

"ಒಂದು ಮಾತು ಸೇರಿಸಿಕೊಳ್ಳಿ" ಅಂದ. "ನೀರು ಸಾಲದ ವರ್ಷ ಹಂಚುವವರ ನಾಲೆ ಎಲ್ಲರಿಗಿಂತ ಕೊನೆಗೆ ತುಂಬಬೇಕು. ಇಷ್ಟು ಬರೆದರೆ ಇಲ್ಲೇ ಸಹಿ ಹಾಕ್ತೀನಿ."

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಂಜೆಬೆಕ್ ನಗಲಿಲ್ಲ. "ಎಸೆನ್, ಕೆಳಗೆ ನಮ್ಮವರು ಲಕ್ಷಗಟ್ಟಲೆ ಇದ್ದಾರೆ. ನಾವೇ ದುಡ್ಡು ಹಾಕಿ, ನಾವೇ ಮೈ ಮುರಿದು, ಕೊನೆಗೆ ನಮ್ಮವರನ್ನೇ ಒಣಗಿಸ್ತೀವಿ ಅಂತ ನಾನು ಊರಿಗೆ ಹೋಗಿ ಹೇಗೆ ಹೇಳ್ಲಿ? ಯಾವ ದೊಡ್ಡ ದೇಶ ಇದಕ್ಕೆ ಒಪ್ಪುತ್ತೆ?"

"ಒಪ್ಪಲ್ಲ ಅಂತ ಗೊತ್ತು."

"ಮತ್ತೆ ಯಾಕೆ ಕೇಳ್ತೀಯ?"

ಆಗ ಎಸೆನ್‌ಕುಲ್ ನಿನ್ನೆಯ ಊಟದ ಮಾತು ತೆಗೆದ. ನೀನು ಅಷ್ಟು ಚೆನ್ನಾಗಿ ಹಂಚಿದೆ, ಯಾರೂ ನಿನ್ನ ಮೇಲೆ ಬೆರಳು ಮಾಡುವ ಹಾಗಿಲ್ಲ, ಆದರೂ ಅಡುಗೆ ಮಾಡಿದ ನನ್ನ ಅಕ್ಕನ ಕಡಾಯಿ ಬರಿದಾಗಿತ್ತು; ಸೊಂಟದ ಎಲುಬು ನಿನ್ನ ಮುಂದಿತ್ತು; ಅದನ್ನು ನಾವೇ ಸರಿಸಿದ್ದೆವು. ಇದನ್ನು ಅವನು ಹೇಳಿದ ರೀತಿಗೆ ಪೂರ್ವದವನು ತಲೆ ತಗ್ಗಿಸಿದ. ಕೆಂಜೆಬೆಕ್‌ನ ಕಿವಿ ಕೆಂಪಾಯಿತು. ಇಷ್ಟು ವರ್ಷದಲ್ಲಿ ಎಸೆನ್‌ಕುಲ್ ಆಡಿದ ಮೊದಲ ನಿಜವಾದ ಭಾಷಣ ಅದು, ಕೊನೆಯದೂ ಅದೇ. ಕಾಗದ ಸಹಿಯಿಲ್ಲದೆ ಹಿಂದೆ ಹೋಯಿತು. ಯಾವ ಕಟ್ಟಳೆಯನ್ನು ಅವನು ಜೀವಮಾನವಿಡೀ ಶಪಿಸಿದ್ದನೋ, ಒಬ್ಬರು ಬೇಡ ಅಂದರೆ ಇಲ್ಲ ಅನ್ನುವ ಅದೇ ಕಟ್ಟಳೆ ಅವತ್ತು ಅವನ ಕೈ ಹಿಡಿಯಿತು. ಕಾರು ಹತ್ತುವಾಗ ಕೆಂಜೆಬೆಕ್, "ನೀನು ಹೇಳಿದ್ದು ಸರಿ ಇರಬಹುದು ಕಣೋ. ಆದ್ರೆ ತೂಬು ಹಾಗೇ ಇದೆ" ಅಂದ. ಈ ಸಲ ತಬ್ಬಿಕೊಳ್ಳಲಿಲ್ಲ.

ಎಸೆನ್‌ಕುಲ್ ಅವತ್ತು ಅಕ್ಕನ ಮನೆಗೆ ಬರದೆ ನೇರ ಬಿಷ್ಕೆಕ್‌ಗೆ ಹೋದ. ಉಪಮಂತ್ರಿ ಪತ್ರಿಕೆಯವರ ಮುಂದೆ, ಅದು ನಮ್ಮ ತಜ್ಞರ ಸ್ವಂತ ಅಭಿಪ್ರಾಯ ಅಂದ. ಕೆಲವರು ಎಸೆನ್‌ಕುಲ್‌ನನ್ನು ಹುಲಿ ಅಂದರು, ದೊಡ್ಡವರ ಮುಂದೆ ಎದೆ ಸೆಟೆಸಿ ನಿಂತ ಅಂದರು. ಅವನು ನಿವೃತ್ತನಾದ. ಮೇಜು ಖಾಲಿ ಮಾಡುವಾಗ ಅವನಿಗೆ ಸಿಕ್ಕಿದ್ದು ನಾಲ್ಕು ಪುಟ್ಟ ಬಾವುಟ, ಬಣ್ಣ ಹೋಗಿತ್ತು.

ಬೇಸಿಗೆ ಏರಿತು. ಹೊಳೆ ತುಂಬಿ ಕೆಳಗೆ ಹರಿದುಹೋಗುತ್ತಿತ್ತು, ಅಕ್-ತೆರೆಕ್‌ಗೆ ಅದೇ ಒಂದು ಎಳೆ. ಬೀನ್ಸ್ ಹೂ ಬಿಡುವ ಹೊತ್ತಿಗೆ ನೀರು ಬೇಕು. ಸಾಲದೆ ಹೋದರೆ ಹೂ ಉದುರುತ್ತದೆ. ಉದುರಿತು. ಊರಿನವರು ಅನಾರ್‌ಕಾನ್‌ಗೆ ಏನೂ ಅನ್ನಲಿಲ್ಲ. ಅನ್ನದೆ ಇರುವುದೇ ಜೋರಾಗಿ ಕೇಳುವಂಥ ಊರು ನಮ್ಮದು. ಸಾರು ಕುಡಿದ ಆ ಇಬ್ಬರು ನೆರೆಯವರು ಅವಳ ಬಾಗಿಲ ಮುಂದೆ ಹಾದು ಹೋಗುವಾಗ ಬೇಗ ಬೇಗ ನಡೆಯುತ್ತಿದ್ದರು. ಶಾಲೆಯ ಜವಾನ ಸಭೆಯಲ್ಲಿ ನಡೆದದ್ದನ್ನು ಒಂದಕ್ಷರ ಬಿಡದೆ ಎಲ್ಲರಿಗೂ ಹೇಳಿದ್ದ.

ಎಸೆನ್‌ಕುಲ್ ಬಂದದ್ದು ಹೂ ಉದುರಿದ ಮೇಲೆ. ಬಾಡಿಗೆ ವ್ಯಾನಿನಿಂದ ಇಳಿದು, ಒಣ ಕಾಲುವೆಯ ಬದುವಿನ ಮೇಲೆ ನಡೆದು ಬಂದ. ಅನಾರ್‌ಕಾನ್ ನಾಲೆಯಿಂದ ಕೊಡ ಹೊತ್ತು ಬರುತ್ತಿದ್ದಳು. ಅವನನ್ನು ಕಂಡು ಕೊಡ ಇಳಿಸಿ, ಮುಸುಕು ಸರಿಮಾಡಿಕೊಂಡು, ಒಳಗೆ ಕರೆದಳು. ಮಂಡಳಿ ಸಾಹೇಬ ಅನ್ನಲಿಲ್ಲ. ಬಾಗಿಲಿಗೆ ಎದುರಾಗಿ, ಗೌರವದ ಜಾಗದಲ್ಲಿ ಹಾಸು ಹಾಸಿ ಕೂರಿಸಿದಳು. ಆ ಮನೆಯಲ್ಲಿ ಅವನು ಯಾವತ್ತೂ ಒಲೆಯ ಪಕ್ಕ ಕೂತವನು. ರೊಟ್ಟಿ ಮುರಿದಿಟ್ಟಳು, ಜರದಾಳು ಇಟ್ಟಳು.

"ಎಜೆ, ನಿನಗೋಸ್ಕರಾನೇ ನಾನು…"

"ನನ್ನ ಹೆಸರು ಎತ್ತಬೇಡ" ಅಂದಳು, ಮೆಲ್ಲಗೆ. "ಸಭೇಲಿ ನನ್ನ ಕಡಾಯಿ ಬರಿದಾಗಿತ್ತು ಅಂದೆಯಂತೆ."

"ಅಂದೆ."

"ಎಲ್ಲರೂ ತಲೆ ತಗ್ಗಿಸಿದ್ರಂತೆ."

"ಹೂಂ."

"ನನಗೆ ತಪ್ಪಿದ್ದು ಒಂದು ಊಟ. ಅದನ್ನ ಎತ್ತಿ ತೋರಿಸಿ ಒಂದು ಬೇಸಿಗೆಯ ನೀರು ತಪ್ಪಿಸಿದೆ. ಇರ್ಲಿ, ನೀನು ಓದಿದವನು, ನೀನಂದಿದ್ದೇ ಸರಿ ಇರಬಹುದು. ಒಂದು ಮಾತು ಕೇಳ್ತೀನಿ. ಆ ಕಡಾಯಿಯವಳು ಸೈನ್ ಹಾಕು ಅಂದಿದ್ಲು ಅಂತ ಅವರಿಗೆ ಹೇಳಿದ್ಯಾ?"

ಎಸೆನ್‌ಕುಲ್ ಹೇಳಿರಲಿಲ್ಲ. ಅದನ್ನು ಹೇಳಬೇಕು ಅಂತ ಅವನಿಗೆ ಆ ದಿನ ಹೊಳೆದೂ ಇರಲಿಲ್ಲ.

ಅನಾರ್‌ಕಾನ್ ಕೆಟಲು ಎತ್ತಿ ಸುರಿಯತೊಡಗಿದಳು. ಬಟ್ಟಲಿನ ತಳ ಮುಚ್ಚಿತು, ಎರಡು ಗುಟುಕಾಯಿತು. ಅವನು ಅಭ್ಯಾಸದಂತೆ ಕೈ ಚಾಚಿದ. ಅವಳ ಕೈ ನಿಲ್ಲಲಿಲ್ಲ. ಅರ್ಧವಾಯಿತು, ಮುಕ್ಕಾಲಾಯಿತು. ಅಂಚಿಗೆ ಸಮವಾಗಿ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ ಅವನ ಮುಂದಿಟ್ಟಳು.

ಅವನು ಅದನ್ನು ಆರಲು ಬಿಡದೆ, ಬಾಯಿ ಸುಡುತ್ತಿದ್ದರೂ, ತಳದವರೆಗೆ ಕುಡಿದ. ಆಮೇಲೆ ಎದ್ದು ತನ್ನ ಟೋಪಿ ಹುಡುಕಿಕೊಂಡ.